ಕೊಂಡುಕೊಂಡ ಕಷ್ಟ

ಕಷ್ಟವನ್ನು ತಪ್ಪಿಸಿಕೊಳ್ಳುವುದಕ್ಕೆ ಮನುಷ್ಯ ಹಣ ಕೊಡುತ್ತಾನೆ. ಇದು ಎಲ್ಲರೂ ಬಲ್ಲ ಸಂಗತಿ. ಬಿಸಿಲಿಗೆ ಕೊಡೆ, ಚಳಿಗೆ ಕಂಬಳಿ, ನಡೆಯಲಾರದವನಿಗೆ ಗಾಡಿ. ನಾಗರಿಕತೆಯೆಂದು ನಾವು ಕರೆಯುವುದರಲ್ಲಿ ಬಹುಪಾಲು ಈ ಬಗೆಯ ಖರೀದಿಯೇ. ಆದರೆ ಕಷ್ಟವನ್ನು ಪಡೆಯುವುದಕ್ಕೂ ಮನುಷ್ಯ ಹಣ ಕೊಡುವುದುಂಟು. ಕೆಲವು ವೇಳೆ ತಪ್ಪಿಸಿಕೊಳ್ಳುವುದಕ್ಕೆ ಕೊಟ್ಟದ್ದಕ್ಕಿಂತ ಹೆಚ್ಚಾಗಿಯೇ ಕೊಡುತ್ತಾನೆ. ಈ ಎರಡನೆಯ ಖರೀದಿಯ ವಿಚಾರವನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಹೀಗೆ ಕೊಂಡುಕೊಂಡ ಕಷ್ಟಕ್ಕೆ ಬೆಲೆಯುಂಟೆ? ಅದರಿಂದ ಮನುಷ್ಯನಿಗೆ ಒಳಿತೇನಾದರೂ ಆದೀತೆ? ಅಥವಾ ಅದೂ ಸುಖವೇ ಹಾಕಿಕೊಂಡ ಇನ್ನೊಂದು ವೇಷವೆ?

ಈ ಪ್ರಶ್ನೆ ನನಗೆ ಹುಟ್ಟಿದ್ದು ಯಾವ ಧರ್ಮಗ್ರಂಥದಿಂದಲೂ ಅಲ್ಲ. ಒಂದು ಮೋಟಾರು ಗಾಡಿಯಿಂದ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದ ಕೊಲರಾಡೊದಲ್ಲಿದ್ದಾನೆ. ಇಪ್ಪತ್ತು ವರ್ಷದ ಹಳೆಯ ಪೋರ್ಷೆ ಕಯೆನ್ ಒಂದನ್ನು ಅಗ್ಗದಲ್ಲಿ ಕೊಂಡು, ಅದನ್ನು ರಸ್ತೆಯಿಲ್ಲದ ಬೆಟ್ಟಗಳಲ್ಲಿ ಓಡಿಸಲು ತಕ್ಕಂತೆ ಮಾರ್ಪಡಿಸಿಕೊಂಡಿದ್ದಾನೆ. ಫಳಫಳಿಸುವ ದೊಡ್ಡ ಚಕ್ರಗಳನ್ನು ತೆಗೆದು ಚಿಕ್ಕ ಚಕ್ರ ಹಾಕಿಸಿ, ಅದಕ್ಕೆ ದಪ್ಪ ಹಲ್ಲಿನ ಎತ್ತರದ ಟೈರು ತೊಡಿಸಿದ್ದಾನೆ. ಗಾಡಿಯ ಮೈಯನ್ನು ಮೇಲೆತ್ತಿಸಿದ್ದಾನೆ. ಹೊಟ್ಟೆಗೆ ಕಲ್ಲು ತಗಲದಂತೆ ಲೋಹದ ತಗಡು ಬಡಿಸಿದ್ದಾನೆ. ಚಿತ್ರಗಳನ್ನು ಕಳುಹಿಸಿ ಕೊನೆಗೆ ಹೀಗೆ ಬರೆದಿದ್ದ: “ಗಾಡಿಗೆ ಕೊಟ್ಟದ್ದಕ್ಕಿಂತ ಈ ಕೆಲಸಕ್ಕೇ ಹೆಚ್ಚು ಖರ್ಚಾಯಿತು, ಸಾರ್. ಅಮ್ಮ ಬೈಯುತ್ತಾರೆ. ‘ಕೆಸರಲ್ಲಿ ಹೋಗೋದಕ್ಕೆ ಇಷ್ಟು ದುಡ್ಡು ಯಾಕೋ, ನಮ್ಮೂರಲ್ಲಿ ಕೆಸರು ಪುಕ್ಕಟೆ ಇತ್ತಲ್ಲ’ ಅಂತಾರೆ. ನೀವೇನು ಹೇಳುತ್ತೀರಿ?”

ಆ ತಾಯಿಯ ಮಾತಿಗೆ ನನಗೆ ನಗು ಬಂತು. ನಕ್ಕ ಮೇಲೆ, ಅದು ನಕ್ಕು ಮುಗಿಸುವ ಮಾತಲ್ಲವೆಂದೂ ತೋರಿತು.

ಮೊದಲು ಗಾಡಿಯ ಕಥೆ. ಪೋರ್ಷೆ ಜರ್ಮನಿಯ ಹೆಸರಾಂತ ಕಂಪನಿ. 1948ರಿಂದ ತನ್ನ ಹೆಸರಿನ ಗಾಡಿಗಳನ್ನು ಮಾಡುತ್ತ ಬಂದಿದೆ. ನೆಲಕ್ಕಂಟಿದಂತೆ ತಗ್ಗಾಗಿದ್ದು ಬಾಣದಂತೆ ಓಡುವ ಗಾಡಿಗಳಿಗೆ ಪ್ರಸಿದ್ಧವಾದದ್ದು. 2002ರಲ್ಲಿ ಅದು ಕಯೆನ್ ಎಂಬ ಎತ್ತರದ, ಐದು ಜನ ಕೂರುವ, ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುವ ಗಾಡಿಯನ್ನು ಹೊರತಂದಿತು. ಅದರ ಟರ್ಬೊ ಮಾದರಿಗೆ 450 ಅಶ್ವಶಕ್ತಿ. ಎರಡು ಟನ್ನಿಗೂ ಮೀರಿದ ಮೈಭಾರವನ್ನು ಎಳೆದುಕೊಂಡು, ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ಆರು ಸೆಕೆಂಡಿನೊಳಗೆ ಏರುತ್ತಿತ್ತು. ಇಷ್ಟರಲ್ಲಿ ಆಶ್ಚರ್ಯವೇನೂ ಇಲ್ಲ. ಹಣವಂತರಿಗೆ ವೇಗವನ್ನೂ ಮೆತ್ತನೆಯ ಆಸನವನ್ನೂ ಮಾರುವುದು ಹಳೆಯ ವ್ಯಾಪಾರ. ಆಶ್ಚರ್ಯವೆಂದರೆ ಅದೇ ಗಾಡಿಯೊಳಗೆ, ಉಳುವವನ ಟ್ರಾಕ್ಟರಿಗೆ ಒಪ್ಪುವಂಥ ಇನ್ನೊಂದು ಸಲಕರಣೆಯನ್ನೂ ಇಟ್ಟಿದ್ದರು. ಅದು ಗತಿಯನ್ನು 2.7 ಪಟ್ಟು ತಗ್ಗಿಸಿ, ಎಳೆತವನ್ನು ಅಷ್ಟರಮಟ್ಟಿಗೆ ಹೆಚ್ಚಿಸುವ ತಗ್ಗು ಗೇರು. ಕೊಂಡವರಲ್ಲಿ ಬಹುಮಂದಿ ಆ ಗೇರನ್ನು ಒಮ್ಮೆಯೂ ಹಾಕಿರಲಾರರು. 2010ರಲ್ಲಿ ಎರಡನೆಯ ತಲೆಮಾರಿನ ಕಯೆನ್ ಬಂದಾಗ ಕಂಪನಿ ಅದನ್ನು ಕೈಬಿಟ್ಟಿತು. ಗಾಡಿಯ ಭಾರ ಇಳಿಯಿತು.

ಹಾಕಿ ನೋಡಿದವರೂ ಇದ್ದರು. ರಷ್ಯದ ಮಾಸ್ಕೋದಿಂದ ಹೊರಟು, ಸೈಬೀರಿಯವನ್ನು ದಾಟಿ, ಮಂಗೋಲಿಯದ ರಾಜಧಾನಿ ಉಲಾನ್ ಬಾತರ್ ಮುಟ್ಟುವ ಟ್ರಾನ್ಸ್‌ಸೈಬೀರಿಯ ಎಂಬ ಪಂದ್ಯವೊಂದು ನಡೆಯುತ್ತಿತ್ತು. ಆರೇಳು ಸಾವಿರ ಕಿಲೋಮೀಟರ್ ದೂರ. ಕೊನೆಯ ಭಾಗವೆಲ್ಲ ಹುಲ್ಲುಗಾವಲು, ಮರಳು, ಸೇತುವೆಯಿಲ್ಲದ ಹೊಳೆ. 2006ರಲ್ಲಿ ಖಾಸಗಿಯಾಗಿ ಹೋದ ಎರಡು ಕಯೆನ್ ಗಾಡಿಗಳು ಮೊದಲ ಎರಡು ಸ್ಥಾನ ಪಡೆದವು. ಇದನ್ನು ಕಂಡು ಕಂಪನಿ 2007ರ ಪಂದ್ಯಕ್ಕೆಂದೇ 26 ಗಾಡಿಗಳನ್ನು ಬೇರೆಯಾಗಿ ಸಿದ್ಧಪಡಿಸಿತು. ಒಳಗೆ ಉಕ್ಕಿನ ಪಂಜರ, ಹೊಟ್ಟೆಗೆ ಲೋಹದ ಕವಚ, ಹೊಳೆಯಲ್ಲಿ ಎಂಜಿನ್ನಿಗೆ ನೀರು ನುಗ್ಗದಂತೆ ಉಸಿರುಗೊಳವೆಯನ್ನು ಮೇಲಕ್ಕೆ ಎತ್ತಿ ಕಟ್ಟಿದ್ದು, ಹೂತ ಗಾಡಿಯನ್ನು ಎಳೆದುಕೊಳ್ಳಲು ವಿಂಚು. ಆ ವರ್ಷ ಮೊದಲ ಮೂರು ಸ್ಥಾನಗಳೂ ಅವಕ್ಕೇ ಬಂದವು.

ಆಮೇಲಿನದು ಇನ್ನೂ ಸ್ವಾರಸ್ಯವಾಗಿದೆ. 2009ರ ಸುಮಾರಿಗೆ, ಊರ ರಸ್ತೆಯಲ್ಲಿ ಓಡಿಸುವವರಿಗೆಂದು ಅದೇ ಪಂದ್ಯದ ಹೆಸರಿನ ಗಾಡಿ ಮಾರಾಟಕ್ಕೆ ಬಂತು. ನಿಜವಾಗಿ ಮಂಗೋಲಿಯಕ್ಕೆ ಹೋದ ಗಾಡಿಯ ಶಕ್ತಿ 385 ಅಶ್ವಶಕ್ತಿ; ಅದರ ಹೆಸರು ಹೊತ್ತು ಅಂಗಡಿಗೆ ಬಂದದ್ದರ ಶಕ್ತಿ 405. ಮೈಮೇಲೆ ಪಂದ್ಯದ ಹೆಸರಿನ ಅಕ್ಷರಗಳು, ಬೇಕೆಂದವರಿಗೆ ಮಾಡಿನ ಮೇಲೆ ಹೆಚ್ಚಿನ ದೀಪಗಳು. ಕೆಸರನ್ನು ಕಂಡ ಗಾಡಿಗಿಂತ ಕೆಸರಿನ ಹೆಸರು ಹೊತ್ತ ಗಾಡಿಗೇ ಬಲ ಹೆಚ್ಚು!

ಇದನ್ನು ಓದಿದವರಿಗೆ ತಟ್ಟನೆ ಒಂದು ತೀರ್ಪು ನಾಲಿಗೆಯ ತುದಿಗೆ ಬರುತ್ತದೆ: ದುಡ್ಡಿನ ಮದ. ನಮ್ಮ ಕಾಲೇಜಿನ ಉಪಾಧ್ಯಾಯರ ಕೊಠಡಿಯಲ್ಲಿ ಈ ಕಾಗದದ ವಿಷಯ ಹೇಳಿದಾಗ ಬಂದ ಮೊದಲ ಮಾತೂ ಇದೇ. ಆದರೆ ಇದು ಬಹಳ ಅಗ್ಗವಾದ ತೀರ್ಪು. ಉಪಯೋಗಿಸದ ಶಕ್ತಿಯನ್ನು ಇಟ್ಟುಕೊಂಡಿರುವುದೇ ತಪ್ಪೆನ್ನುವುದಾದರೆ, ವರ್ಷಕ್ಕೊಮ್ಮೆಯೂ ಇಳಿಸದ ಹಂಡೆ ಕೊಪ್ಪರಿಗೆಗಳನ್ನು ಅಟ್ಟದ ಮೇಲಿಟ್ಟ ನಮ್ಮ ಹಿರಿಯರೆಲ್ಲರೂ ತಪ್ಪಿತಸ್ಥರಾಗುತ್ತಾರೆ. ಓದದ ಪುಸ್ತಕಗಳನ್ನು ಕಪಾಟಿನಲ್ಲಿ ತುಂಬಿಕೊಂಡ ನಾವು ಉಪಾಧ್ಯಾಯರಂತೂ ತಲೆಯೆತ್ತುವ ಹಾಗಿಲ್ಲ. ಪ್ಲೇಟೋ ತನ್ನ ‘ಥಿಯಟೀಟಸ್’ ಸಂವಾದದಲ್ಲಿ ಒಂದು ಸೂಕ್ಷ್ಮವನ್ನು ಎತ್ತಿ ತೋರಿಸುತ್ತಾನೆ: ಮೇಲಂಗಿಯನ್ನು ಕೊಂಡು ಒಡೆಯನಾಗಿರುವುದು ಒಂದು, ಅದನ್ನು ಮೈಮೇಲೆ ಧರಿಸಿರುವುದು ಇನ್ನೊಂದು. ಅವನು ಇದನ್ನು ಹೇಳುವುದು ಜ್ಞಾನದ ವಿಚಾರದಲ್ಲಿ. ಆದರೆ ಶಕ್ತಿಗೂ ಇದು ಸಲ್ಲುತ್ತದೆ. ಪೆಟ್ಟಿಗೆಯಲ್ಲಿರುವ ಅಂಗಿ ಯಾರಿಗೂ ಕೇಡು ಮಾಡುವುದಿಲ್ಲ. ಅದನ್ನು ತೊಟ್ಟು ಬೀದಿಗೆ ಬಂದಾಗ ಏನಾಗುತ್ತದೆ ಎಂಬುದೇ ಪ್ರಶ್ನೆ.

ಆದ್ದರಿಂದ ಗಾಡಿಯನ್ನು ಹೊರಗೆ ತಾರದವನನ್ನು ಬಿಟ್ಟುಬಿಡೋಣ. ಅವನು ಕೊಂಡದ್ದು ಹೆಸರನ್ನು, ಕಷ್ಟವನ್ನಲ್ಲ. ನಮ್ಮ ವಿಚಾರವಿರುವುದು ನಿಜವಾಗಿಯೂ ಕೆಸರಿಗೆ ಇಳಿಯುವವನದು.

ಅವನ ಪಕ್ಷದಲ್ಲಿ ಹೇಳಬೇಕಾದ ಮಾತು ಬೇಕಾದಷ್ಟಿದೆ. ತಾನಾಗಿ ಕಷ್ಟವನ್ನು ಆರಿಸಿಕೊಳ್ಳುವುದು ನಮ್ಮ ನಾಡಿಗೆ ಹೊಸದಲ್ಲ. ಹಸಿವು ಒಂದು, ಉಪವಾಸ ಇನ್ನೊಂದು. ಇಬ್ಬರ ಹೊಟ್ಟೆಯೂ ಬರಿದೇ. ಆದರೆ ಒಬ್ಬನಿಗೆ ಅನ್ನವಿಲ್ಲ, ಇನ್ನೊಬ್ಬ ಅನ್ನವನ್ನು ಒಲ್ಲೆನೆಂದಿದ್ದಾನೆ. ಒಲ್ಲೆನೆಂಬ ಸ್ವಾತಂತ್ರ್ಯ ಇರುವುದರಿಂದಲೇ ಉಪವಾಸ ವ್ರತವಾಗುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಿಂದ ಯುಗಾದಿಯ ವೇಳೆಗೆ ಶ್ರೀಶೈಲಕ್ಕೆ ನಡೆದೇ ಹೋಗುವ ಭಕ್ತರಿದ್ದಾರೆ. ಬಸ್ಸು ಇಲ್ಲದೆ ಅವರು ನಡೆಯುವುದಲ್ಲ, ಬಸ್ಸಿದ್ದೂ ನಡೆಯುತ್ತಾರೆ. ಕಾಲಿನ ಬೊಬ್ಬೆಯನ್ನು ಅವರು ಮರ್ಯಾದೆಯಿಂದ ಹೊರುತ್ತಾರೆ. ಅವರನ್ನು ಹೊಗಳಿ, ಬೆಟ್ಟದ ಕಲ್ಲಿನ ಮೇಲೆ ಬೆವರುವ ನನ್ನ ವಿದ್ಯಾರ್ಥಿಯನ್ನು ಹಳಿಯುವುದು ಯಾವ ನ್ಯಾಯ?

ಸರಿ. ಆದರೆ ಉಪವಾಸದಲ್ಲೂ ಎರಡು ಬಗೆಯುಂಟೆಂಬುದನ್ನು ವಾಚಕರು ಬಲ್ಲರು. ಏಕಾದಶಿಯ ದಿನ ಅನ್ನ ಒಂದನ್ನು ಬಿಟ್ಟು, ಅವಲಕ್ಕಿ, ಉಪ್ಪಿಟ್ಟು, ಹಣ್ಣಿನ ರಸಾಯನಗಳಿಂದ ಉಳಿದ ದಿನಕ್ಕಿಂತ ಭರ್ಜರಿಯಾಗಿ ಫಲಾಹಾರ ಮಾಡುವ ಮನೆಗಳಿವೆ. ಅಲ್ಲಿ ವ್ರತದ ಹೆಸರೂ ಉಂಟು, ನಾಲಿಗೆಯ ಸುಖವೂ ಉಂಟು; ಇಲ್ಲದಿರುವುದು ಬಿಡುವಿಕೆ ಮಾತ್ರ. ಚರ್ಮದ ಆಸನದಲ್ಲಿ ಕುಳಿತು, ತಂಪು ಗಾಳಿ ಹಾಕಿಕೊಂಡು, ಕಿಟಕಿಯ ಆಚೆಗೆ ಕಷ್ಟವನ್ನು ನೋಡುತ್ತ ಹೋಗುವುದು ಇಂಥ ಫಲಾಹಾರವೆ? ಅಥವಾ ಅದರಲ್ಲಿ ನಿಜವಾಗಿ ಬಿಟ್ಟುಕೊಡುವುದು ಏನಾದರೂ ಇದೆಯೆ?

ಇದಕ್ಕೆ ಉತ್ತರವನ್ನು ನಾನು ನೀತಿಶಾಸ್ತ್ರದಲ್ಲಿ ಹುಡುಕುವ ಬದಲು ಯಂತ್ರವನ್ನೇ ಕೇಳಿದೆ. ಆ ವಿದ್ಯಾರ್ಥಿ ತಾಳ್ಮೆಯಿಂದ ವಿವರಿಸಿ ಬರೆದ. ಕೆಸರಿನ ಪಾಠಗಳು ಮುಖ್ಯವಾಗಿ ಮೂರು. ಮೂರೂ ನನ್ನ ಎಣಿಕೆಗೆ ವಿರುದ್ಧವಾಗಿದ್ದವು.

ಮೊದಲನೆಯದು, ಟೈರಿನ ಗಾಳಿಯನ್ನು ಬಿಡಬೇಕು. ರಸ್ತೆಯಲ್ಲಿ 35 ಪೌಂಡಿನಷ್ಟು ಒತ್ತಡವಿರುವ ಟೈರನ್ನು ಮರಳಿನಲ್ಲಿ ಅರ್ಧಕ್ಕೆ ಇಳಿಸುತ್ತಾರೆ. ಬಿಗಿದ ಟೈರು ಮರಳನ್ನು ಸೀಳಿಕೊಂಡು ಹೂತುಹೋಗುತ್ತದೆ. ಸಡಿಲವಾದದ್ದು ಅಂಗೈ ಚಾಚಿದಂತೆ ಹರಡಿಕೊಂಡು, ಗಾಡಿಯ ಭಾರವನ್ನು ಹೆಚ್ಚು ನೆಲಕ್ಕೆ ಹಂಚಿ, ಮೇಲೆಯೇ ನಡೆಯುತ್ತದೆ. ಎರಡನೆಯದು, ನಿಧಾನ. 450 ಅಶ್ವಶಕ್ತಿ ಅಲ್ಲಿ ನಿಷ್ಪ್ರಯೋಜಕ. ಚಕ್ರಕ್ಕೆ ನೆಲದ ಹಿಡಿತ ಎಷ್ಟೋ ಅಷ್ಟೇ ಬಲ ಕೆಲಸಕ್ಕೆ ಬರುತ್ತದೆ. ಅದಕ್ಕೆ ಮೀರಿದ್ದೆಲ್ಲ ಕೆಸರನ್ನು ಚಿಮ್ಮಿಸಿ ಗುಂಡಿ ತೋಡುವುದಕ್ಕೆ ಮಾತ್ರ. ಆ ತಗ್ಗು ಗೇರು ಇರುವುದು ಇದಕ್ಕಾಗಿಯೇ.

ಮೂರನೆಯದು ನನಗೆ ಬಹಳ ಹಿಡಿಸಿತು. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕಾದ್ದರಿಂದ, ಎರಡಕ್ಕೂ ಬೇರೆ ಬೇರೆ ವೇಗವನ್ನು ಬಿಟ್ಟುಕೊಡಲು ಮೋಟಾರುಗಳಲ್ಲಿ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಗೊಂಚಲು ಇರುತ್ತದೆ. ಒಳ್ಳೆಯ ರಸ್ತೆಯಲ್ಲಿ ಇದು ದೊಡ್ಡ ಉಪಕಾರಿ. ಕೆಸರಿನಲ್ಲಿ ಇದೇ ಶತ್ರುವಾಗುತ್ತದೆ: ಹಿಡಿತ ತಪ್ಪಿದ ಚಕ್ರ ಗರಗರನೆ ತಿರುಗುತ್ತದೆ, ಗಟ್ಟಿ ನೆಲದ ಮೇಲೆ ನಿಂತು ಗಾಡಿಯನ್ನು ಎಳೆಯಬಲ್ಲ ಚಕ್ರ ಸುಮ್ಮನೆ ನಿಂತುಬಿಡುತ್ತದೆ. ಆಗ ಎರಡನ್ನೂ ಬಿಗಿದು ಒಂದಾಗಿ ತಿರುಗಿಸಬೇಕು. ಬೀಗ ಹಾಕುವುದು ಎಂದು ಇದಕ್ಕೆ ಹೆಸರು. ಒಬ್ಬೊಬ್ಬರೂ ತಮ್ಮ ಪಾಡಿಗೆ ತಿರುಗುವ ಸ್ವಾತಂತ್ರ್ಯ ಸುಗಮವಾದ ಕಾಲಕ್ಕೆ. ಕಷ್ಟ ಬಂದಾಗ ಕೂಡಿ ತಿರುಗಿದರೇ ಉಳಿವು.

ಬಿಗುಮಾನ ಬಿಡು, ವೇಗ ಬಿಡು, ಒಟ್ಟಾಗು: ನೆಲ ಹೇಳುವುದು ಇಷ್ಟು. ಪೇಟೆಯಲ್ಲಿ ಈ ಗಾಡಿಯನ್ನು ಯಾವ ಗುಣಗಳಿಗಾಗಿ ಮಾರಿದರೋ ಅವನ್ನೇ ಕೆಸರಿನಲ್ಲಿ ಕೆಳಗಿಡಬೇಕಾಗುತ್ತದೆ. ಹಾಗಾದರೆ ಇದರಲ್ಲಿ ಬಿಡುವಿಕೆ ಉಂಟು. ಗಾಡಿಯಿಂದ ಚಾಲಕನೂ ಇದನ್ನು ಕಲಿತನಾದರೆ ಅವನ ಕಷ್ಟಕ್ಕೆ ಬೆಲೆ ಬಂತೆನ್ನಲು ನನಗೆ ಅಡ್ಡಿಯಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಲೇಖನ ಸುಖಾಂತವಾಗುತ್ತಿತ್ತು. ಆದರೆ ಉಪವಾಸಕ್ಕೂ ಈ ಕಷ್ಟಕ್ಕೂ ಒಂದು ದೊಡ್ಡ ಅಂತರವಿದೆ. ಉಪವಾಸ ನಡೆಯುವುದು ನನ್ನ ಹೊಟ್ಟೆಯಲ್ಲಿ. ಈ ಗಾಡಿ ನಡೆಯುವುದು ಯಾರದೋ ನೆಲದ ಮೇಲೆ.

‘ರಸ್ತೆಯಿಲ್ಲದ ಜಾಗ’ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಕನ್ನಡ ಪಾಠ ಹೇಳುವ ನನಗೆ ಆ ಮಾತು ಸ್ವಲ್ಪ ಚುಚ್ಚುತ್ತದೆ. ಡಾಂಬರು ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ನಮ್ಮ ಭಾಷೆಯಲ್ಲಿ ಹಾದಿಯಿತ್ತು, ದಾರಿಯಿತ್ತು, ಓಣಿಯಿತ್ತು, ಜಾಡಿತ್ತು, ಹಳಗನ್ನಡದ ‘ಬಟ್ಟೆ’ಯಿತ್ತು. ಇಂದು ಉಡುವುದಕ್ಕೆ ಬಟ್ಟೆಯೆನ್ನುತ್ತೇವೆ. ಹಳೆಯ ಕವಿಗಳಲ್ಲಿ ಅದು ನಡೆಯುವ ಹಾದಿಯ ಹೆಸರೂ ಹೌದು. ಇಷ್ಟು ಹೆಸರುಗಳು ಹುಟ್ಟಿದ್ದು ಯಾವ ಎಂಜಿನಿಯರೂ ಅಳೆಯದ ನೆಲದ ಮೇಲೆ, ಜನದ ದನದ ಕಾಲುಗಳು ಮತ್ತೆ ಮತ್ತೆ ಬಿದ್ದದ್ದರಿಂದ. ನಕ್ಷೆಯಲ್ಲಿ ಗೆರೆಯಿಲ್ಲವೆಂದರೆ ನೆಲದಲ್ಲಿ ದಾರಿಯಿಲ್ಲವೆಂದು ಅರ್ಥವಲ್ಲ.

ಆ ಪಂದ್ಯದ ಗಾಡಿಗಳು ಓಡಿದ ಮಂಗೋಲಿಯವನ್ನೇ ನೋಡಿ. ಆ ಬಯಲು ಬರಿದಲ್ಲ. ಕುರಿ, ಮೇಕೆ, ಕುದುರೆ, ಒಂಟೆಗಳನ್ನು ಸಾಕಿಕೊಂಡು, ಋತುವಿನಿಂದ ಋತುವಿಗೆ ಬಿಡಾರ ಬದಲಿಸುವ ಜನ ಅಲ್ಲಿದ್ದಾರೆ. ಆ ದೇಶದ 1992ರ ಸಂವಿಧಾನದಂತೆ ಹುಲ್ಲುಗಾವಲನ್ನು ಖಾಸಗಿ ಒಡೆತನಕ್ಕೆ ಕೊಡುವಂತಿಲ್ಲ. ಒಬ್ಬರದಲ್ಲದ್ದರಿಂದ ಅದು ಎಲ್ಲರ ಬದುಕು. ಅವರಿಗೂ ಮೋಟಾರುಂಟು. ರಷ್ಯದ ಉಲ್ಯಾನೊವ್‌ಸ್ಕ್ ಪಟ್ಟಣದಲ್ಲಿ 1965ರಿಂದ ತಯಾರಾಗುತ್ತಿರುವ, ಬ್ರೆಡ್ಡಿನ ಆಕಾರದ ಯೂಎಜಡ್ ವ್ಯಾನುಗಳು ಅಲ್ಲಿ ಬಹಳ. ಅದರ ಶಕ್ತಿ ಆ 450ರಲ್ಲಿ ಹೆಚ್ಚೆಂದರೆ ಕಾಲುಭಾಗ. ಅದೂ ನಾಲ್ಕು ಚಕ್ರದಿಂದ ಎಳೆಯುತ್ತದೆ, ಅದೂ ಹೊಳೆ ದಾಟುತ್ತದೆ. ಅದರೊಳಗಿರುವುದು ಮದುವೆಯ ದಿಬ್ಬಣವೋ, ಉಣ್ಣೆಯ ಮೂಟೆಯೋ, ಕಾಯಿಲೆಯ ಮಗುವೋ. ಒಂದೇ ಹೊಳೆ, ಒಂದೇ ಕಲ್ಲು. ಒಬ್ಬರಿಗೆ ಪಂದ್ಯ, ಒಬ್ಬರಿಗೆ ಸಂಸಾರ.

ಅಲ್ಲಿಯ ನೆಲಕ್ಕೆ ಒಂದು ಗಾಯವುಂಟು. ಮಣ್ಣಿನ ಜಾಡು ಒಂದು ಹದಗೆಟ್ಟರೆ ಚಾಲಕರು ಪಕ್ಕದ ಹುಲ್ಲಿನ ಮೇಲೆ ಇನ್ನೊಂದು ಜಾಡು ಮಾಡುತ್ತಾರೆ, ಅದು ಕೆಟ್ಟರೆ ಮತ್ತೊಂದು. ಹೀಗೆ ಒಂದು ದಾರಿ ಹತ್ತಾಗಿ ಹರಡುತ್ತದೆ. ಮಳೆ ಕಡಿಮೆಯ, ಚಳಿ ಹೆಚ್ಚಿನ ಆ ನಾಡಿನಲ್ಲಿ ಒಮ್ಮೆ ತುಳಿದುಹೋದ ಹುಲ್ಲು ಬೇಗ ಮರಳುವುದಿಲ್ಲ. ಇದನ್ನು ಮಾಡಿದವರು ಪಂದ್ಯದವರು ಮಾತ್ರವಲ್ಲ. ಅಲ್ಲಿಯವರೂ ಅವರ ಲಾರಿಗಳೂ ಸೇರಿ ಮಾಡಿದ್ದೇ ಹೆಚ್ಚು. ಆದರೆ ಅಲ್ಲಿಯವನು ತುಳಿಯುವುದು ಬೇರೆ ದಾರಿ ಕಾಣದೆ. ಆ ಹುಲ್ಲು ಹೋದರೆ ಸೊರಗುವುದೂ ಅವನ ಕುರಿಯೇ. ಹೊರಗಿನಿಂದ ಬಂದವನು ತುಳಿಯುವುದು ತುಳಿಯಬೇಕೆಂದು ಬಯಸಿ. ಅವನು ಮಾರನೆಯ ವಾರ ವಿಮಾನ ಹತ್ತುತ್ತಾನೆ.

ಆ ತಾಯಿಯ ಮಾತು ನನ್ನನ್ನು ಹಿಡಿದದ್ದು ಇಲ್ಲಿಯೇ. ಪುಕ್ಕಟೆ ಕೆಸರನ್ನು ನಾನೂ ಬಲ್ಲೆ. ಮಲೆನಾಡಿನ ನಮ್ಮ ಊರಿಗೆ ನಾನು ಹುಡುಗನಾಗಿದ್ದಾಗ ಮಳೆಗಾಲದಲ್ಲಿ ಗಾಡಿ ಬರುತ್ತಿರಲಿಲ್ಲ. ನಮ್ಮ ಅಜ್ಜಿಗೆ ಜ್ವರ ತಲೆಗೇರಿದಾಗ ಕಂಬಳಿಯ ಜೋಲಿ ಕಟ್ಟಿ, ಬಿದಿರ ಗಳುವಿಗೆ ಸಿಕ್ಕಿಸಿ ಹೊತ್ತು ಸಾಗಿಸಿದರು. ಹೊತ್ತವರಲ್ಲಿ ಒಬ್ಬರ ಹೆಬ್ಬೆರಳು ಕಲ್ಲಿಗೆ ಎಡವಿ ಸೀಳಿತ್ತು. ರಸ್ತೆ ಸಿಗುವ ತನಕ ಅವರು ಅದನ್ನು ಯಾರಿಗೂ ಹೇಳಲಿಲ್ಲ. ಅಜ್ಜಿ ಬದುಕಿ ಬಂದರು. ಆ ನಡಿಗೆಯನ್ನು ನಮ್ಮ ಊರಿನಲ್ಲಿ ಯಾರೂ ಸಾಹಸವೆಂದು ಹೇಳಿದ್ದು ನನಗೆ ನೆನಪಿಲ್ಲ. ಬಿಟ್ಟುಹೋಗುವ ಬಾಗಿಲು ಇಲ್ಲದ ಕಷ್ಟಕ್ಕೆ ಸಾಹಸವೆಂಬ ಹೆಸರು ಒಪ್ಪುವುದಿಲ್ಲ. ಇಂಥ ಹಾದಿಗಳು ನಮ್ಮ ಕಾಡಂಚಿನ ಹಳ್ಳಿಗಳಲ್ಲಿ ಇಂದೂ ಇವೆ, ಜೋಲಿಗಳೂ ಇವೆ.

ಹಾಗೆಂದು ಯಾರೂ ಬೆಟ್ಟ ಹತ್ತಬಾರದು, ಗಾಡಿ ಇಳಿಸಬಾರದು ಎನ್ನುವವನಲ್ಲ ನಾನು. ಅಜ್ಜಿಯನ್ನು ಹೊತ್ತವರ ಕಷ್ಟ, ಇನ್ನೊಬ್ಬ ಸಂತೋಷಕ್ಕಾಗಿ ಬೆವರಿದ ಮಾತ್ರಕ್ಕೆ ಹೆಚ್ಚಾಗುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಸಂತೋಷವೇ ಪಾಪವೆನ್ನುವ ನೀತಿಯಲ್ಲಿ ಹೊಟ್ಟೆಕಿಚ್ಚಿನ ಪಾಲು ಎಷ್ಟೆಂಬುದನ್ನು ಪರೀಕ್ಷಿಸಿಕೊಳ್ಳುವುದು ಲೇಸು. ನನಗೆ ತೋರುವುದು ಇಷ್ಟು: ಆರಿಸಿಕೊಂಡ ಕಷ್ಟ ಎಂದಿಗೂ ಅನುಭವಿಸಿದ ಕಷ್ಟಕ್ಕೆ ಸಮವಾಗಲಾರದು, ಆಗಬೇಕಾಗಿಯೂ ಇಲ್ಲ. ಆದರೆ ಅದನ್ನು ಕೊಂಡವನು ಅದರ ಬೆಲೆಯನ್ನು ಪೂರ್ತಿಯಾಗಿ ತಾನೇ ತೆರಬೇಕು. ಹಣದಿಂದ, ಬೆವರಿನಿಂದ, ಬಿಗುಮಾನದಿಂದ ತೆರಲಿ. ಇನ್ನೊಬ್ಬರ ಹುಲ್ಲಿನಿಂದ, ಇನ್ನೊಬ್ಬರ ಕೆರೆಯಂಗಳದಿಂದ, ಮೂಕಪ್ರಾಣಿಯ ನೀರಿನ ತಾವಿನಿಂದ ತೆತ್ತರೆ, ಅಲ್ಲಿಗೆ ಅದು ಕಷ್ಟವನ್ನು ಕೊಂಡದ್ದಾಗುವುದಿಲ್ಲ. ಸುಖವನ್ನು ಕೊಂಡು ಕಷ್ಟವನ್ನು ಬೇರೆಯವರ ಲೆಕ್ಕಕ್ಕೆ ಬರೆದದ್ದಾಗುತ್ತದೆ. ಶ್ರೀಶೈಲದ ಯಾತ್ರಿಕ ದಾರಿಯ ಊರಿನವರು ಕೊಟ್ಟ ರೊಟ್ಟಿ ಮಜ್ಜಿಗೆಗಳನ್ನು ಕೈಮುಗಿದು ತೆಗೆದುಕೊಳ್ಳುತ್ತಾನೆ. ಕೊಟ್ಟದ್ದನ್ನು ತೆಗೆದುಕೊಳ್ಳುವುದಕ್ಕೂ ಕೇಳದೆ ತುಳಿದು ಹೋಗುವುದಕ್ಕೂ ಇರುವ ಅಂತರ ಸಣ್ಣದಲ್ಲ.

ಗಾಡಿಯ ಜನರಲ್ಲಿಯೂ ಈ ವಿವೇಕ ಇಲ್ಲದಿಲ್ಲ. 1985ರಲ್ಲಿ ಅಮೆರಿಕದ ಅರಣ್ಯ ಇಲಾಖೆ ‘ಹಗುರವಾಗಿ ತುಳಿಯಿರಿ’ ಎಂಬ ಅರ್ಥದ ಹೆಸರಿಟ್ಟು ಒಂದು ಪ್ರಚಾರವನ್ನು ಪ್ರಾರಂಭಿಸಿತು. ಇದ್ದ ಜಾಡನ್ನು ಬಿಟ್ಟು ಹೊಸದನ್ನು ಮಾಡಬೇಡಿ ಎಂಬುದು ಅದರ ಮುಖ್ಯವಾದ ಬೋಧೆಗಳಲ್ಲಿ ಒಂದು. ಒಂಟಿ ಗಾಡಿಯಲ್ಲಿ ಹೋಗಬಾರದು, ಹೂತವನನ್ನು ಬಿಟ್ಟು ಮುಂದೆ ಹೋಗಬಾರದು ಎಂಬ ಕಟ್ಟಳೆಗಳನ್ನು ಅನುಭವಸ್ಥರು ತಾವೇ ಪಾಲಿಸುತ್ತಾರೆ. ಇವೆಲ್ಲ ಕಂಪನಿಯವರು ಗಾಡಿಗೆ ಕೂಡಿಸಿ ಮಾರಬಲ್ಲ ಸಲಕರಣೆಗಳಲ್ಲ.

ಅಂಥವರ ಕಟ್ಟಳೆಗಳಲ್ಲಿ ನನಗೆ ಎಲ್ಲಕ್ಕಿಂತ ಮೇಲಾಗಿ ಕಂಡದ್ದು ಒಂದುಂಟು. ಆಳ ತಿಳಿಯದ ಹೊಳೆಗೆ ಗಾಡಿ ಇಳಿಸುವ ಮುನ್ನ ಚಾಲಕ ಬಾಗಿಲು ತೆರೆದು ಕೆಳಗಿಳಿಯಬೇಕು. ಕೈಯಲ್ಲಿ ಕೋಲು ಹಿಡಿದು, ನೀರಿನಲ್ಲಿ ತಾನೇ ನಡೆದು, ಕಲ್ಲೆಲ್ಲಿ ಗುಂಡಿಯೆಲ್ಲಿ ಎಂದು ಕಾಲಿನಿಂದ ತಿಳಿಯಬೇಕು. ಹತ್ತಿರದಲ್ಲಿ ಊರಿನವರು ಯಾರಾದರೂ ಇದ್ದರೆ ಅವರನ್ನು ಕೇಳಬೇಕು. ಅವರು ದಾಟುವ ಕಡೆಯಲ್ಲಿಯೇ ದಾಟಬೇಕು. ಎಷ್ಟು ಬಲದ ಗಾಡಿಯಾದರೂ ಸರಿ, ಈ ಕೆಲಸಕ್ಕೆ ಮಾತ್ರ ಅದರಿಂದ ಇಳಿಯಲೇಬೇಕು.